ತಾರಸ್ಥಾಯಿಯ ಚುಕ್ಕೆ ಎಲ್ಲಿಡೋದು? ವೀಣೆ ಪಾಠದ ನೋಟ್ಸ್‌ಗೆ ಅಬ್ಸಿಡಿಯನ್

ಕನ್ನಡದಲ್ಲಿ ಸ್ವರ ಟೈಪ್ ಮಾಡಲು ಕೂತವರಿಗೆ ಗೊತ್ತಿರುತ್ತದೆ, ಅಕ್ಷರದ ಕಾಟ ಏನೂ ಇಲ್ಲ, ಕಾಟವೆಲ್ಲ ಚುಕ್ಕೆಯದು. ಸ ರಿ ಗ ಮ ಪ ದ ನಿ ಯಾವ ಕೀಬೋರ್ಡಿನಲ್ಲೂ ಬರುತ್ತವೆ. ತಾರಸ್ಥಾಯಿಗೆ, ಅಂದರೆ ಮೇಲಿನ ಸಪ್ತಕಕ್ಕೆ, ಹೋದ ತಕ್ಷಣ ಅಕ್ಷರದ ತಲೆ ಮೇಲೆ ಒಂದು ಚುಕ್ಕೆ ಬೇಕು. ಮಂದ್ರಕ್ಕೆ, ಅಂದರೆ ಕೆಳಗಿನ ಸಪ್ತಕಕ್ಕೆ, ಇಳಿದರೆ ಕೆಳಗೆ ಒಂದು ಚುಕ್ಕೆ. ಎರಡನೇ ಕಾಲಕ್ಕೆ, ಅಂದರೆ ಎರಡರಷ್ಟು ವೇಗಕ್ಕೆ, ಮೇಲೆ ಗೆರೆ. ಯಾವ ಬಗೆಯ ರಿಷಭ (ರಿ) ಅಂತ ಹೇಳಲು ಪಕ್ಕದಲ್ಲಿ ಪುಟ್ಟ 1, 2, 3. ಕೈಯಲ್ಲಿ ಬರೆಯುವಾಗ ಇದು ಲೆಕ್ಕಕ್ಕೇ ಬರದ ಕೆಲಸ. ಕಂಪ್ಯೂಟರಿನಲ್ಲಿ ಅರ್ಧ ದಿನ ತಿನ್ನುವ ಕೆಲಸ.

ನಾನು ಮೈಸೂರಿನಲ್ಲಿ ಮನೆಯಲ್ಲೇ ವೀಣೆ ಪಾಠ ಹೇಳುತ್ತೇನೆ. ಹಾಡುವವರಿಗಿಂತ ನಮಗೆ ಚುಕ್ಕೆ ಜಾಸ್ತಿ ಬೇಕು. ವೀಣೆಯ ನಾಲ್ಕು ನುಡಿಸುವ ತಂತಿಗಳನ್ನೇ ನೋಡಿ. ಮೊದಲ ತಂತಿ ಸಾರಣಿ, ಅದು ಮಧ್ಯ ಷಡ್ಜ (ಸ). ಅದರ ಪಕ್ಕ ಮಂದ್ರ ಪಂಚಮ (ಪ). ಆಮೇಲೆ ಮಂದ್ರ ಷಡ್ಜ. ಕೊನೆಯದು ಅನುಮಂದ್ರ, ಅಂದರೆ ಮಂದ್ರಕ್ಕೂ ಕೆಳಗಿನ, ಪಂಚಮ. ಅಂದರೆ ತಂತಿಗಳ ಶ್ರುತಿ ಬರೆಸುವ ಮೊದಲ ಪಾಠದಲ್ಲೇ ಕೆಳಗೆ ಒಂದು ಚುಕ್ಕೆ, ಎರಡು ಚುಕ್ಕೆ ಎಲ್ಲ ಬಂದುಬಿಡುತ್ತವೆ. ಗಾಯನದ ಪಾಠದಲ್ಲಿ ಅನುಮಂದ್ರ ಪಂಚಮ ಯಾರು ಕೇಳ್ತಾರೆ?

ಹಾಗಾಗಿ ಅಬ್ಸಿಡಿಯನ್ ಎಂಬ ನೋಟ್ಸ್ ಪ್ರೋಗ್ರಾಂ ಬಗ್ಗೆ ಬರೆಯುತ್ತಿದ್ದರೂ ನಾನು ಅದನ್ನು ಅಳೆದಿದ್ದು ಒಂದೇ ಒಂದು ಕೋಲಿನಿಂದ. ಇದರಲ್ಲಿ ಕನ್ನಡ ಸ್ವರವನ್ನು ಸರಿಯಾಗಿ ಬರೆಯಲು ಆಗುತ್ತಾ, ಇಲ್ವಾ? ಟಿಪ್ಪಣಿಗಳೆಲ್ಲ ಜೇಡರ ಬಲೆ ಥರ ಕಾಣುವ ಗ್ರಾಫ್ ಇದೆಯಂತೆ, ಸಾವಿರಾರು ಪ್ಲಗಿನ್ ಇವೆಯಂತೆ. ಇರಲಿ, ಸಂತೋಷ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಅಬ್ಸಿಡಿಯನ್ 2020ರಲ್ಲಿ ಬಂದದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದಕ್ಕೂ ಇದೆ. ದುಡ್ಡು ಕೊಡಬೇಕಿಲ್ಲ. ನೀವು ಬರೆದದ್ದು ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲೇ ಸಾದಾ ಟೆಕ್ಸ್ಟ್ ಫೈಲುಗಳಾಗಿ ಕೂರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದು. ಬರೆಯುವ ರೀತಿಗೆ ಮಾರ್ಕ್‌ಡೌನ್ ಅಂತ ಹೆಸರು. ಒಂದು ಪದದ ಎರಡೂ ಕಡೆ ನಕ್ಷತ್ರ ಚಿಹ್ನೆ ಹಾಕಿದರೆ ಅದು ಓರೆ ಅಕ್ಷರ ಆಗುತ್ತದೆ, ಎರಡೆರಡು ನಕ್ಷತ್ರ ಹಾಕಿದರೆ ದಪ್ಪ ಅಕ್ಷರ. ಹೀಗೆ. ಈ ನಕ್ಷತ್ರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಚುಕ್ಕೆಯ ಕಷ್ಟ ಏನು ಅಂತ ಹೇಳಿಬಿಡುತ್ತೇನೆ. ಜರ್ಮನ್, ಫ್ರೆಂಚ್ ಬರೆಯುವವರ ಚುಕ್ಕೆ ಅಕ್ಷರಗಳಿಗೆ, ಗೀಟು ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಲಿಪಿಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಪಟ್ಟಿಯಲ್ಲಿ, ಒಂದೊಂದು ಸ್ವಂತ ಸಂಖ್ಯೆ ಇದೆ. ಫಾಂಟ್ ಮಾಡುವವರು ಆ ಅಕ್ಷರವನ್ನು ಚುಕ್ಕೆ ಸಮೇತ ಬರೆದಿಟ್ಟಿರುತ್ತಾರೆ. ನಮ್ಮ ಚುಕ್ಕೆ ಇಟ್ಟ ಷಡ್ಜಕ್ಕೆ ಅಂಥ ಸಂಖ್ಯೆ ಇಲ್ಲ. ಮೊದಲು ಸ ಬರೆದು, ಅದರ ಹಿಂದೆಯೇ 'ಹಿಂದಿನ ಅಕ್ಷರದ ಮೇಲೆ ಹೋಗಿ ಕೂರು' ಎನ್ನುವ ಚುಕ್ಕೆ ಹಾಕಬೇಕು. ಇಂಥ ಕೂಡು ಗುರುತುಗಳಿಗೇ ಯೂನಿಕೋಡ್‌ನಲ್ಲಿ 112 ಜಾಗಗಳ ಒಂದು ವಿಭಾಗ ಇದೆ. ಮೇಲಿನ ಚುಕ್ಕೆ 0307. ಕೆಳಗಿನ ಚುಕ್ಕೆ 0323. ಮೇಲೆ ಎರಡು ಚುಕ್ಕೆ 0308, ಕೆಳಗೆ ಎರಡು ಚುಕ್ಕೆ 0324. ಮೇಲಿನ ಎರಡು ಚುಕ್ಕೆ ಜರ್ಮನ್ನರ ಅಕ್ಷರದ ಮೇಲೆ ಇರುತ್ತದಲ್ಲ, ಅದೇ. ನಮಗೆ ಅತಿತಾರಕ್ಕೆ, ಅಂದರೆ ತಾರಕ್ಕೂ ಮೇಲಿನ ಸ್ಥಾಯಿಗೆ, ಆಗುತ್ತದೆ.

ಇಲ್ಲಿ ಬರೆದು ತೋರಿಸುತ್ತೇನೆ, ನಿಮ್ಮ ಪರದೆಯಲ್ಲಿ ಹೇಗೆ ಕಾಣುತ್ತದೋ ನೋಡಿ:

ಸ ರಿ ಗ ಮ । ಪ ದ । ನಿ ಸ̇ ॥
ಸ̇ ನಿ ದ ಪ । ಮ ಗ । ರಿ ಸ ॥
ಸ̇ ರಿ̇ ಗ̇ ರಿ̇ । ಸ̇ ನಿ । ದ ಪ ॥
ಸ ನಿ̣ ದ̣ ಪ̣ । ದ̣ ನಿ̣ । ಸ, ॥

ಚುಕ್ಕೆ ಅಕ್ಷರದ ನೆತ್ತಿಯ ಮೇಲೇ ಇದ್ದರೆ ನಿಮ್ಮ ಅದೃಷ್ಟ. ಬಹಳ ಕಡೆ ಅದು ಬಲಕ್ಕೆ ಸರಿದು ಎರಡು ಅಕ್ಷರಗಳ ನಡುವೆ ಬೀಳುತ್ತದೆ. ಅದರಲ್ಲೂ ರಿ, ನಿ ಮೇಲೆ. ಆ ಅಕ್ಷರಗಳಿಗೆ ಆಗಲೇ ತಲೆ ಮೇಲೆ ಗುಡಿಸು ಇದೆ, ಚುಕ್ಕೆಗೆ ಜಾಗ ಎಲ್ಲಿ? ಕಾರಣ ಸರಳ. ಎಷ್ಟೋ ಕನ್ನಡ ಫಾಂಟ್‌ಗಳಲ್ಲಿ ಈ ಚುಕ್ಕೆಯ ಅಚ್ಚೇ ಇರುವುದಿಲ್ಲ. ಆಗ ಕಂಪ್ಯೂಟರ್ ಇನ್ಯಾವುದೋ ಫಾಂಟ್‌ನಿಂದ ಚುಕ್ಕೆ ಕಡ ತರುತ್ತದೆ. ಆ ಫಾಂಟ್‌ಗೆ ಕನ್ನಡದ ಸ ಎಷ್ಟು ಅಗಲ, ರಿ ಎಷ್ಟು ಎತ್ತರ ಅಂತ ಗೊತ್ತಿಲ್ಲ. ತೋಚಿದ ಕಡೆ ಇಟ್ಟು ಹೋಗುತ್ತದೆ.

ಕೆಳಗಿನ ಚುಕ್ಕೆಯ ತಾಪತ್ರಯ ಬೇರೆ ಥರದ್ದು. ಕನ್ನಡದಲ್ಲಿ ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಏನು? ಕೆಳಗಿನ ಒಂದು ಪುಟ್ಟ ಗೀಟು. ಪ ಮತ್ತು ಫ ನಡುವೆಯೂ ಅಷ್ಟೇ. ಈಗ ಮಂದ್ರ ಪಂಚಮ ಬರೆಯಿರಿ, ಪ ಕೆಳಗೆ ಚುಕ್ಕೆ ಇಡಿ, ಫೋನಿನ ಪರದೆಯ ಅಳತೆಗೆ ಇಳಿಸಿ. ಚುಕ್ಕೆ ಹೋಗಿ ಅಕ್ಷರದ ಬುಡಕ್ಕೆ ಅಂಟಿಕೊಂಡು ಫ ಆಗಿ ಕೂತಿರುತ್ತದೆ. ಧೈವತವನ್ನು ಕೆಲವರು ದ ಅಂತ, ಕೆಲವರು ಧ ಅಂತ ಬರೆಯುತ್ತಾರೆ. ಹಾಗಾಗಿ ಕೆಳಗೆ ಚುಕ್ಕೆ ಇಟ್ಟ ದ ಓದುವ ಮಗುವಿಗೆ ಮಧ್ಯಸ್ಥಾಯಿಯ ಧ ಅಂತಲೇ ಅನ್ನಿಸುತ್ತದೆ. ಸ್ವರ ಸರಿ, ಸ್ಥಾಯಿ ತಪ್ಪು. ಇದು ಕನ್ನಡ ಲಿಪಿಯ ಸ್ವಂತ ಸಮಸ್ಯೆ. ಇದಕ್ಕೆ ಯಾವ ಪ್ರೋಗ್ರಾಂ ಮಾಡಿದವರನ್ನೂ ಬೈಯುವ ಹಾಗಿಲ್ಲ.

ಕನ್ನಡದ ನುಕ್ತ ಇದೆಯಲ್ಲ, ಅದನ್ನು ಬಳಸಬಾರದಾ ಅಂತ ಒಬ್ಬರು ಕೇಳಿದ್ದರು. ಜ಼, ಫ಼ ಬರೆಯುವಾಗ ಕೆಳಗೆ ಬರುವ ಗುರುತು. ಅದು ಕನ್ನಡ ವಿಭಾಗದಲ್ಲೇ ಇದೆ, ಫಾಂಟ್‌ನಲ್ಲೂ ಇರುತ್ತದೆ, ಸರಿಯಾದ ಜಾಗದಲ್ಲೂ ಕೂರುತ್ತದೆ. ಆದರೆ ಕನ್ನಡ ನುಕ್ತಕ್ಕೆ ಎರಡು ಚುಕ್ಕೆ. ನಮ್ಮಲ್ಲಿ ಎರಡು ಚುಕ್ಕೆ ಅಂದರೆ ಅನುಮಂದ್ರ. ಸಾಲದ್ದಕ್ಕೆ ಅದು ವ್ಯಂಜನ ಆದ ಕೂಡಲೇ ಬರಬೇಕು, ಗುಡಿಸು ಅದರ ನಂತರ. ಕೂಡು ಚುಕ್ಕೆಯಾದರೆ ಗುಡಿಸು ಆದಮೇಲೆ. ಎರಡನ್ನೂ ಬೆರೆಸಿ ಬರೆದರೆ ಆಮೇಲೆ ಹುಡುಕಲು ಹೋದಾಗ ಒಂದೂ ಸಿಗುವುದಿಲ್ಲ. ಬೇಡ.

ಅಬ್ಸಿಡಿಯನ್‌ಗೆ ಬರುವ ಮೊದಲು ಬೇರೊಂದು ನೋಟ್ಸ್ ಆಪ್ ಇತ್ತು. ಹೆಸರು ಬೇಡ. ಅದರಲ್ಲಿ ಫಾಂಟ್ ನಾವು ಆರಿಸುವ ಹಾಗಿರಲಿಲ್ಲ, ಅವರು ಕೊಟ್ಟಿದ್ದೇ ಫಾಂಟ್. ಒಂದು ಸಲ ಅಪ್‌ಡೇಟ್ ಆಯಿತು ನೋಡಿ, ನಾನು ಬರೆದಿಟ್ಟಿದ್ದ ಅಷ್ಟೂ ವರ್ಣಗಳ (ಒಂದು ಬಗೆಯ ಸಂಗೀತ ರಚನೆ) ಚುಕ್ಕೆಗಳು ಅರ್ಧ ಅಕ್ಷರ ಬಲಕ್ಕೆ ಹೋದವು. ಗಾಂಧಾರದ ಮೇಲಿದ್ದ ಚುಕ್ಕೆ ಮಧ್ಯಮದ ಮೇಲಿದೆಯೋ ಏನೋ ಅನ್ನುವ ಹಾಗೆ. ಸಿಡ್ನಿಯಲ್ಲಿರುವ ಒಬ್ಬ ಶಿಷ್ಯೆ ವಿಡಿಯೋ ಕ್ಲಾಸಿನಲ್ಲಿ ಅದನ್ನೇ ನೋಡಿಕೊಂಡು ನುಡಿಸಿದಳು. ಕೇಳಲು ವಿಚಿತ್ರವಾಗಿತ್ತು.

ಅಬ್ಸಿಡಿಯನ್ ಹಾಕಿಕೊಂಡ ಮೇಲೂ ಶುರುವಿನಲ್ಲಿ ನಾನು ಇದೇ ಕೂಡು ಚುಕ್ಕೆಯನ್ನೇ ಬಳಸಿದೆ. ಟೈಪ್ ಮಾಡುವ ದಾರಿ ಹಲವು. ವಿಂಡೋಸ್‌ನ ಕ್ಯಾರೆಕ್ಟರ್ ಮ್ಯಾಪ್‌ನಿಂದ ಕಾಪಿ ಮಾಡಬಹುದು. ಆದರೆ ಒಂದು ಪಾಠಕ್ಕೆ ಎಷ್ಟು ಸಲ ಅಂತ ಮಾಡ್ತೀರಿ? ವರ್ಡ್‌ನಲ್ಲಿ 0307 ಅಂತ ಹೊಡೆದು ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಚುಕ್ಕೆ ಆಗುತ್ತದೆ, ಅಬ್ಸಿಡಿಯನ್‌ನಲ್ಲಿ ಆ ಸೌಲಭ್ಯ ಇಲ್ಲ. ಆಟೋಹಾಟ್‌ಕೀ ಎಂಬ ಉಚಿತ ಪ್ರೋಗ್ರಾಂ ಇದೆ, ಅದರಲ್ಲಿ ಒಂದೊಂದು ಕೀಗೆ ಒಂದೊಂದು ಅಕ್ಷರ ಕಟ್ಟಬಹುದು. ನನಗೆ ಅದೇ ಒಗ್ಗಿತು. ಎಫ್8 ಒತ್ತಿದರೆ ಮೇಲೆ ಚುಕ್ಕೆ, ಎಫ್9 ಒತ್ತಿದರೆ ಕೆಳಗೆ. ನುಡಿ ಕೀಬೋರ್ಡ್ ವಿನ್ಯಾಸದಲ್ಲೇ ಟೈಪ್ ಮಾಡುತ್ತಾ ಹೋಗಬಹುದು, ಕೈ ತೆಗೆದು ಮೌಸ್ ಹಿಡಿಯಬೇಕಾಗಿಲ್ಲ. ಟೈಪ್ ಮಾಡುವ ಕಷ್ಟ ಅಲ್ಲಿಗೆ ಮುಗಿಯಿತು. ಕಾಣುವ ಕಷ್ಟ ಹಾಗೇ ಉಳಿಯಿತು.

ಅದನ್ನು ಬಿಡಿಸಿದ್ದು ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗ. ವೆಬ್‌ಸೈಟ್ ಮಾಡುವ ಕೆಲಸ ಅವನದು. ನಾನು ಫಾಂಟ್ ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದೆ. ಅವನು ಪಕ್ಕದಲ್ಲಿ ನಿಂತು ಹೇಳಿದ: "ಮಿಸ್, ಚುಕ್ಕೆ ನೀವು ಟೈಪ್ ಮಾಡ್ಲೇಬೇಡಿ. ಯಾವ ಸ್ವರಕ್ಕೆ ಬೇಕು ಅಂತ ಗುರುತು ಹಾಕಿ ಸಾಕು. ಕೂರಿಸೋದು ಪ್ರೋಗ್ರಾಂ ಕೆಲಸ."

ಅವನು ಮಾಡಿಕೊಟ್ಟಿದ್ದು ಇಷ್ಟು. ಕಂಪ್ಯೂಟರಿನ ಅಬ್ಸಿಡಿಯನ್ ಒಳಗೆ ಇರುವುದು ಕ್ರೋಮ್ ಬ್ರೌಸರಿನದೇ ಎಂಜಿನ್. ವೆಬ್ ಪುಟಕ್ಕೆ ಬಣ್ಣ, ಅಳತೆ ಹೇಳುವ ಸಿಎಸ್‌ಎಸ್ ಇದಕ್ಕೂ ನಡೆಯುತ್ತದೆ. ನಾಲ್ಕಾರು ಸಾಲು ಬರೆದು, ಸ್ನಿಪೆಟ್ಸ್ ಎಂಬ ಫೋಲ್ಡರಿನಲ್ಲಿ ಇಟ್ಟು, ಸೆಟ್ಟಿಂಗ್ಸ್‌ನ ಅಪಿಯರೆನ್ಸ್ ಪುಟದಲ್ಲಿ ಆನ್ ಮಾಡಿದರೆ ಆಯಿತು. ಆ ಸಿಎಸ್‌ಎಸ್‌ನಲ್ಲಿ ಟೆಕ್ಸ್ಟ್-ಎಂಫಸಿಸ್ ಅಂತ ಒಂದು ಗುಣ ಇದೆ. ಜಪಾನೀ ಮುದ್ರಣದಲ್ಲಿ ಒತ್ತಿ ಹೇಳಬೇಕಾದ ಪದದ ಪ್ರತಿ ಅಕ್ಷರದ ಪಕ್ಕ ಒಂದೊಂದು ಚುಕ್ಕೆ ಇಡುವ ಪದ್ಧತಿ ಇದೆ. ಪೂರ್ವ ಏಷ್ಯಾದ ಇಂಥ ಬರವಣಿಗೆಗೆ ಅಂತಲೇ ಬಂದ ಗುಣ ಇದು. ಚುಕ್ಕೆ ಮೇಲೆ ಬೇಕಾ, ಕೆಳಗೆ ಬೇಕಾ ಅಂತಲೂ ಹೇಳಬಹುದು. ಜಪಾನಿನವರ ಒತ್ತು ನಮಗೆ ತಾರಸ್ಥಾಯಿ ಆಯಿತು!

ಹುಡುಗನ ಉಪಾಯ ಏನೆಂದರೆ, ಓರೆ ಅಕ್ಷರದ ಗುರುತನ್ನೇ ಚುಕ್ಕೆಗೆ ಬಿಟ್ಟುಕೊಡುವುದು. ಕನ್ನಡದಲ್ಲಿ ಓರೆ ಅಕ್ಷರ ಯಾರಿಗೆ ಬೇಕು ಹೇಳಿ. ನೆಟ್ಟಗಿರುವ ಅಕ್ಷರವನ್ನೇ ಎಳೆದು ವಾಲಿಸಿ ತೋರಿಸುತ್ತದೆ, ನೋಡಲಿಕ್ಕೂ ಚಂದ ಇಲ್ಲ. ಆ ವಾಲಿಸುವುದನ್ನು ನಿಲ್ಲಿಸಿ, ಬದಲಿಗೆ ಮೇಲೆ ಚುಕ್ಕೆ ಬಿಡಿಸು ಅಂತ ಹೇಳಿದ. ಹೀಗೆ ಬರೆದರೆ:

ಸ ರಿ ಗ ಮ । ಪ ದ । ನಿ *ಸ* ॥

ಪರದೆಯ ಮೇಲೆ ನಕ್ಷತ್ರ ಮಾಯವಾಗಿ ಕೊನೆಯ ಷಡ್ಜದ ನೆತ್ತಿಯ ಮೇಲೆ ದುಂಡಗೆ ಒಂದು ಚುಕ್ಕೆ. *ಸ ರಿ ಗ ರಿ* ಅಂತ ಒಟ್ಟಿಗೆ ಸುತ್ತಿದರೆ ನಾಲ್ಕಕ್ಕೂ ಒಂದೊಂದು. ರಿ ಅಕ್ಷರಕ್ಕೆ ಗುಡಿಸು ಸೇರಿಸಿ ಒಟ್ಟು ಅಗಲ ಎಷ್ಟೋ ಅದರ ನಡು ಮಧ್ಯಕ್ಕೆ, ಗುಡಿಸಿಗೆ ತಾಗದ ಎತ್ತರದಲ್ಲಿ ಚುಕ್ಕೆ ಬರುತ್ತದೆ. ಫಾಂಟ್‌ನಲ್ಲಿ ಕೂಡು ಚುಕ್ಕೆ ಇದೆಯಾ ಇಲ್ಲವಾ ಎನ್ನುವ ಪ್ರಶ್ನೆಯೇ ಇಲ್ಲ. ನನಗೆ ಅತಿ ಖುಷಿ ಕೊಟ್ಟ ವಿಷಯ ಇದು.

ಮಂದ್ರಕ್ಕೆ ಹೈಲೈಟ್ ಗುರುತು. ಅಬ್ಸಿಡಿಯನ್‌ನಲ್ಲಿ ಎರಡೂ ಕಡೆ ಎರಡೆರಡು ಸಮ ಚಿಹ್ನೆ ಹಾಕಿ ನಡುವೆ ಬರೆದದ್ದಕ್ಕೆ ಹಳದಿ ಬಣ್ಣ ಬರುತ್ತದೆ. ಹಳದಿ ತೆಗೆದು ಕೆಳಗೆ ಚುಕ್ಕೆ ಹಾಕಿಸಿದ್ದಾನೆ. ==ಪ ದ ನಿ== ಅಂತ ಬರೆದರೆ ಮೂರೂ ಮಂದ್ರ. ಚುಕ್ಕೆ ಅಕ್ಷರದ ಬುಡದಿಂದ ಬಿಡಿಸಿಕೊಂಡು ಸ್ವಲ್ಪ ಕೆಳಗೇ ನಿಲ್ಲುವುದರಿಂದ ಪ ಮತ್ತು ಫ, ದ ಮತ್ತು ಧ ಗೊಂದಲವೂ ಹೋಯಿತು. ಎರಡನೇ ಕಾಲಕ್ಕೆ ಮೇಲ್ಗೆರೆ ಬೇಕಲ್ಲ, ಅದಕ್ಕೆ ಹೊಡೆದುಹಾಕುವ ಗುರುತು. ~~ಸರಿಗಮ~~ ಅಂತ ಬರೆದರೆ ಅಕ್ಷರಗಳ ನಡುವೆ ಹಾಯುವ ಗೀಟನ್ನು ತಲೆ ಮೇಲಕ್ಕೆ ಎತ್ತಿದ್ದಾನೆ. ಎಲ್ಲಕ್ಕೂ ಸಾಲುಗಳ ನಡುವಿನ ಅಂತರ ಸ್ವಲ್ಪ ಹೆಚ್ಚಿಸಲೇಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಮಂದ್ರ ಚುಕ್ಕೆ ಕೆಳಗಿನ ಸಾಲಿನ ತಾರ ಚುಕ್ಕೆಯಂತೆ ಕಾಣುತ್ತದೆ.

ಹಾಗಾದರೆ ಮನೆ ಸಾಮಾನಿನ ಪಟ್ಟಿಯಲ್ಲಿ ಏನಾದರೂ ಹೈಲೈಟ್ ಮಾಡಿದರೆ ಅಲ್ಲೂ ಚುಕ್ಕೆ ಬರುತ್ತಾ? ಬರುತ್ತದೆ, ಹಾಗೇ ಬಿಟ್ಟರೆ. ಅದಕ್ಕೂ ದಾರಿ ಇದೆ. ಟಿಪ್ಪಣಿಯ ತಲೆಯಲ್ಲಿ ಪ್ರಾಪರ್ಟೀಸ್ ಅಂತ ಒಂದು ಜಾಗ ಇದೆ, ಅಲ್ಲಿ ಸಿಎಸ್‌ಎಸ್ ಕ್ಲಾಸಸ್ ಎಂದು ಒಂದು ಹೆಸರು ಕೊಡಬಹುದು. ಆ ಹೆಸರಿರುವ ಟಿಪ್ಪಣಿಗಳಿಗೆ ಮಾತ್ರ ಚುಕ್ಕೆ ನಿಯಮ. ನಾನು ಒಂದು ಟೆಂಪ್ಲೇಟ್ ಮಾಡಿಟ್ಟಿದ್ದೇನೆ. ರಾಗ, ತಾಳ, ಆರೋಹಣ, ಅವರೋಹಣ, ಈ ಹೆಸರು, ಎಲ್ಲ ಅದರಲ್ಲೇ ಇದೆ. ಹೊಸ ಪಾಠ ಶುರು ಮಾಡುವಾಗ ಅದನ್ನು ಒತ್ತಿದರೆ ಸಾಕು.

ಟೈಪ್ ಮಾಡುವ ವೇಗದ ಬಗ್ಗೆ ಹೇಳಬೇಕು. ಕಂಟ್ರೋಲ್ ಹಿಡಿದು ಐ ಒತ್ತಿದರೆ ಓರೆ ಅಕ್ಷರ, ಇದು ಎಲ್ಲ ಕಡೆ ಇರುವುದೇ. ನಮ್ಮ ಲೆಕ್ಕದಲ್ಲಿ ಈಗ ಅದು ತಾರಸ್ಥಾಯಿ ಬಟನ್. ಸ್ವರಗಳನ್ನು ಸೆಲೆಕ್ಟ್ ಮಾಡಿ ಒತ್ತಿದರೆ ಅಷ್ಟೂ ಮೇಲಿನ ಸ್ಥಾಯಿಗೆ ಹೋಗುತ್ತವೆ. ಇನ್ನೊಮ್ಮೆ ಒತ್ತಿದರೆ ಕೆಳಗಿಳಿಯುತ್ತವೆ. ಹೈಲೈಟ್‌ಗೆ, ಹೊಡೆದುಹಾಕುವುದಕ್ಕೆ ಮೊದಲೇ ಕೊಟ್ಟ ಕೀ ಇಲ್ಲ, ಸೆಟ್ಟಿಂಗ್ಸ್‌ನ ಹಾಟ್‌ಕೀಸ್ ಪುಟದಲ್ಲಿ ನಾವೇ ಇಟ್ಟುಕೊಳ್ಳಬಹುದು. ನಾನು ಎಫ್8, ಎಫ್9 ಅಭ್ಯಾಸವನ್ನೇ ಅಲ್ಲಿಗೆ ತಂದೆ. ಫೋನಿನಲ್ಲಾದರೆ ಕೀಬೋರ್ಡಿನ ಮೇಲೆ ಒಂದು ಪಟ್ಟಿ ಬರುತ್ತದೆ, ಈ ಮೂರೂ ಬಟನ್‌ಗಳನ್ನು ಅದರ ಮುಂದಕ್ಕೆ ಎಳೆದು ಇಟ್ಟುಕೊಳ್ಳಬಹುದು. ಕೂಡು ಚುಕ್ಕೆಯನ್ನು ಫೋನಿನಲ್ಲಿ ಟೈಪ್ ಮಾಡುವ ಶಿಕ್ಷೆ ಯಾರಿಗೂ ಬೇಡ.

ಇನ್ನು ಮಾರ್ಕ್‌ಡೌನ್‌ನ ಕಿರಿಕಿರಿಗಳು. ಇವು ಅಬ್ಸಿಡಿಯನ್ ಒಂದರದ್ದೇ ಅಲ್ಲ, ಆ ಬರವಣಿಗೆ ಪದ್ಧತಿಯದ್ದು. ಸಂಗೀತದವರು ಬಳಸುವ ಚಿಹ್ನೆಗಳು ಒಂದೂ ಬಿಡದಂತೆ ಅದಕ್ಕೆ ಬೇರೆ ಅರ್ಥ ಕೊಡುತ್ತವೆ.

ಜಾರು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು, ತೋರಿಸಲು ನಾನು ಮೇಲಕ್ಕೆ ಹೋಗುವಾಗ / ಹಾಕುತ್ತೇನೆ, ಕೆಳಗೆ ಬರುವಾಗ \ ಹಾಕುತ್ತೇನೆ. ಈ ಎರಡನೆಯದಕ್ಕೆ ಮಾರ್ಕ್‌ಡೌನ್‌ನಲ್ಲಿ 'ಮುಂದಿನ ಚಿಹ್ನೆಯನ್ನು ಚಿಹ್ನೆ ಅಂತ ಎಣಿಸಬೇಡ' ಎಂದು ಅರ್ಥ. ಮುಂದೆ ಕನ್ನಡ ಅಕ್ಷರ ಇದ್ದರೆ ತೊಂದರೆ ಇಲ್ಲ. \ಪ ಅಂತ ಬರೆದರೆ ಹಾಗೇ ಕಾಣುತ್ತದೆ. ಆದರೆ ತಾರ ಗಾಂಧಾರದಿಂದ ಜಾರಿ ತಾರ ಷಡ್ಜಕ್ಕೆ ಬಂದಿರಿ ಅನ್ನಿ. \*ಸ* ಅಂತ ಬರೆದ ಕೂಡಲೇ ಜಾರು ಹೋಯಿತು, ಚುಕ್ಕೆ ಹೋಯಿತು, ನಕ್ಷತ್ರ ಎರಡೂ ಪರದೆಯ ಮೇಲೆ ಕೂತವು. ಜಾರನ್ನು ಎರಡು ಸಲ ಬರೆಯಬೇಕು, \\*ಸ* ಅಂತ. ಆಗ ಸರಿ.

ಕಾರ್ವೆಗೆ, ಅಂದರೆ ಸ್ವರವನ್ನು ಎಳೆದು ನಿಲ್ಲಿಸುವುದಕ್ಕೆ, ಹಾಕುವ ಕಾಮಾ ನಕ್ಷತ್ರದ ಹೊರಗೇ ಇರಲಿ. *ಸ,*ನಿ ಅಂತ ಒತ್ತೊತ್ತಾಗಿ ಬರೆದರೆ ಮುಚ್ಚುವ ನಕ್ಷತ್ರವನ್ನು ಅದು ಮುಚ್ಚುವುದು ಅಂತ ಒಪ್ಪುವುದಿಲ್ಲ. *ಸ*,ನಿ ಅಂತ ಬರೆದರೆ ಒಪ್ಪುತ್ತದೆ. ನಕ್ಷತ್ರಕ್ಕೂ ಸ್ವರಕ್ಕೂ ನಡುವೆ ಜಾಗ ಬಿಟ್ಟರೂ ಆಗುವುದಿಲ್ಲ. ಇದನ್ನೆಲ್ಲ ಒಮ್ಮೆ ತಿಳಿದುಕೊಂಡರೆ ಕೈ ತಾನೇ ಕಲಿಯುತ್ತದೆ. ತಿಳಿಯದೆ ಶುರು ಮಾಡಿದರೆ ಮಾತ್ರ ತಲೆ ಚಿಟ್ಟು ಹಿಡಿಯುತ್ತದೆ.

ತಾಳದ ಗೆರೆಯದ್ದು ಇನ್ನೊಂದು ಕಥೆ. ಕೀಬೋರ್ಡಿನಲ್ಲಿ ಇರುವ ನೆಟ್ಟ ಗೆರೆ, ಅದೇ |, ಮಾರ್ಕ್‌ಡೌನ್‌ನಲ್ಲಿ ಟೇಬಲ್ ಕಟ್ಟುವ ಗೋಡೆ. ಆದಿತಾಳಕ್ಕೆ ಎಂಟು ಅಕ್ಷರ ಕಾಲ, ನಾಲ್ಕು, ಎರಡು, ಎರಡು ಅಂತ ಭಾಗ. ಸ್ವರಗಳು ಒಂದರ ಕೆಳಗೆ ಒಂದು ಸರಿಯಾಗಿ ಬರಬೇಕೆಂದರೆ ಟೇಬಲ್ ಬಿಟ್ಟು ಬೇರೆ ದಾರಿ ಇಲ್ಲ. ಸ್ಪೇಸ್ ಹೊಡೆದು ಹೊಡೆದು ಸಾಲು ಹಿಡಿಸಲು ಹೋಗಬೇಡಿ. ಇಂಗ್ಲಿಷ್‌ನಲ್ಲಿ ಎಲ್ಲ ಅಕ್ಷರವೂ ಒಂದೇ ಅಗಲ ಇರುವ ಫಾಂಟ್ ಇರುತ್ತದೆ. ಕನ್ನಡದ ಗ ಮತ್ತು ಮ ಅಗಲ ನೋಡಿ, ಆ ಆಸೆ ಬಿಟ್ಟುಬಿಡಿ. ಟೇಬಲ್ ಬರೆಯುವುದು 1.5ನೇ ಆವೃತ್ತಿಯಿಂದ ಸಲೀಸಾಗಿದೆ, ಟ್ಯಾಬ್ ಒತ್ತಿದರೆ ಮುಂದಿನ ಮನೆಗೆ ಹೋಗುತ್ತದೆ. ಟೇಬಲ್‌ನ ಗೋಡೆ ತಾಳದ ಗೆರೆ ಎರಡೂ ಒಂದೇ ಚಿಹ್ನೆ ಆದರೆ ಎಲ್ಲ ಕಲಸಿ ಹೋಗುತ್ತದೆ. ಹಾಗಾಗಿ ತಾಳಕ್ಕೆ ನಾನು ಶ್ಲೋಕದ ಕೊನೆಗೆ ಹಾಕುವ ದಂಡ ಬಳಸುತ್ತೇನೆ, । ಮತ್ತು ॥. ಇವು ಯೂನಿಕೋಡ್‌ನಲ್ಲಿ ದೇವನಾಗರಿ ವಿಭಾಗದಲ್ಲಿವೆ, 0964 ಮತ್ತು 0965. ಕನ್ನಡಕ್ಕೂ ಇದನ್ನೇ ಬಳಸಿ ಅಂತಲೇ ಅವರ ನಿಯಮ. ಅದಕ್ಕೇ ಕನ್ನಡ ಕೀಬೋರ್ಡ್ ಜಾಲಾಡಿದರೂ ಸಿಗದಿದ್ದರೆ ಫೋನಿನ ಹಿಂದಿ ಕೀಬೋರ್ಡಿಗೆ ಹೋಗಿ ನೋಡಿ. ನೋಡಲು ಮಾಮೂಲಿ ಗೆರೆಯೇ, ಟೇಬಲ್ ಮಾತ್ರ ಅದನ್ನು ಗೋಡೆ ಅಂದುಕೊಳ್ಳುವುದಿಲ್ಲ.

ಸ್ವರದ ಪಕ್ಕದ ಚಿಕ್ಕ ಅಂಕಿ ಸುಲಭ. ಮಾಯಾಮಾಳವಗೌಳ ಅಂದರೆ ರಿ₁ ಗ₃ ಮ₁ ದ₁ ನಿ₃. ಈ ಪುಟ್ಟ ಅಂಕಿಗಳಿಗೆ ಸ್ವಂತ ಸಂಖ್ಯೆ ಇದೆ, ಹೆಚ್ಚಿನ ಕಡೆ ಸರಿಯಾಗಿ ಕಾಣುತ್ತವೆ. ಟೆಂಪ್ಲೇಟಿನಲ್ಲಿ ಒಂದು ಸಾಲು ಬರೆದಿಟ್ಟುಕೊಂಡು ಕಾಪಿ ಮಾಡಿ. ಪಾಠದ ಉದ್ದಕ್ಕೂ ಹಾಕುವ ಅಗತ್ಯವಿಲ್ಲ, ಆರೋಹಣ ಅವರೋಹಣಕ್ಕೆ ಹಾಕಿದರೆ ಸಾಕು.

ಅನುಮಂದ್ರದ ಎರಡು ಚುಕ್ಕೆಗೆ ಮಾತ್ರ ಈ ಉಪಾಯ ಸಾಲಲಿಲ್ಲ. ದಪ್ಪ ಅಕ್ಷರದ ಗುರುತನ್ನು ಅದಕ್ಕೆ ಬಿಟ್ಟುಕೊಡಬಹುದಿತ್ತು, ಆದರೆ ಶೀರ್ಷಿಕೆ, ಪಲ್ಲವಿ, ಅನುಪಲ್ಲವಿ ಅಂತ ದಪ್ಪಗೆ ಬರೆಯುವುದು ನನಗೆ ಬೇಕು. ಅದಕ್ಕೆ ಆ ಒಂದು ಕಡೆ ಹಳೆಯ ಕೂಡು ಚುಕ್ಕೆಯನ್ನೇ, 0324 ಅನ್ನೇ ಬಳಸುತ್ತೇನೆ. ಅತಿತಾರಕ್ಕೂ ಹಾಗೇ. ಸ್ವಲ್ಪ ಸರಿದು ಕೂರುತ್ತವೆ. ಬರುವುದೇ ಅಪರೂಪ, ಇರಲಿ ಬಿಡಿ. ಗಮಕದ (ಸ್ವರವನ್ನು ತೂಗಾಡಿಸುವುದರ) ಅಲೆ ಗುರುತುಗಳನ್ನೂ ಕಂಪ್ಯೂಟರಿನಲ್ಲಿ ಹಾಕುವ ಪ್ರಯತ್ನ ಮಾಡಿಲ್ಲ. ಗಮಕ ಎದುರು ಕೂತು ಕೇಳಿ ಕಲಿಯುವುದು. ಕಾಗದದ ಮೇಲೆ ಅಲೆ ಬಿಡಿಸಿ ಯಾರಿಗೂ ಕಲಿಸಲು ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ.

ಹುಡುಕುವ ಸೌಲಭ್ಯ ಚೆನ್ನಾಗಿದೆ. "ನಿ ದ ಪ" ಅಂತ ಜೋಡಿ ಉದ್ಧರಣ ಚಿಹ್ನೆಯೊಳಗೆ ಹೊಡೆದರೆ ಆ ಸಂಚಾರ ಯಾವ ಯಾವ ಪಾಠದಲ್ಲಿದೆ ಎಲ್ಲ ಬರುತ್ತವೆ. ನಡುವೆ ತಾರ ಷಡ್ಜ ಇದ್ದರೆ ನಕ್ಷತ್ರ ಸಮೇತ ಹೊಡೆಯಬೇಕು. ರಾಗದ ಹೆಸರಿಗೆ ಎರಡೆರಡು ಚೌಕ ಆವರಣ ಹಾಕಿ ಕೊಂಡಿ ಮಾಡಿಟ್ಟರೆ, ಮೋಹನ ಅಂತ ತೆರೆದಾಗ ಆ ರಾಗದ ಅಷ್ಟೂ ಪಾಠಗಳ ಪಟ್ಟಿ ಪಕ್ಕದಲ್ಲಿ ಕಾಣುತ್ತದೆ. ಗೀತೆ, ವರ್ಣ, ಕೃತಿ ಬೇರೆ ಬೇರೆ ಪುಸ್ತಕದಲ್ಲಿ ಬರೆದಿಟ್ಟು ಹುಡುಕಾಡುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮಕ್ಕಳಿಗೆ ಕಳಿಸುವುದು ಪಿಡಿಎಫ್ ಮಾಡಿಯೇ. ಪಿಡಿಎಫ್ ಮಾಡುವ ಸೌಲಭ್ಯ ಕಂಪ್ಯೂಟರಿನ ಅಬ್ಸಿಡಿಯನ್‌ನಲ್ಲಿ ಇದೆ. ಹಾಳೆಯನ್ನು ಅಡ್ಡಡ್ಡ ಇಡಬಹುದು, ಆದಿತಾಳದ ಎಂಟು ಮನೆಗೆ ಅದೇ ಸರಿ. ಚುಕ್ಕೆ, ಮೇಲ್ಗೆರೆ ಎಲ್ಲ ಪರದೆಯಲ್ಲಿ ಕಂಡ ಹಾಗೇ ಬರುತ್ತವೆ. ಒಂದೆರಡು ಸಾಲು ಮಾತ್ರ ಕಳಿಸಬೇಕಾದರೆ ನಾನು ಹಾಗೇ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕುತ್ತೇನೆ. ವಾಟ್ಸಾಪ್‌ನಲ್ಲಿ ನಕ್ಷತ್ರದ ನಡುವೆ ಬರೆದದ್ದು ದಪ್ಪ ಅಕ್ಷರ ಆಗುತ್ತದೆ. ತಾರಸ್ಥಾಯಿ ಸ್ವರಗಳೆಲ್ಲ ದಪ್ಪಗೆ ಕಾಣುತ್ತವೆ. ನಮ್ಮ ಮಕ್ಕಳಿಗೆ ಈಗ ಅದೂ ಅಭ್ಯಾಸವಾಗಿದೆ. "ಮಿಸ್, ಈ ಸಾ ದಪ್ಪ ಇದೆ, ಮೇಲಿಂದ ಅಲ್ವಾ?" ಅಂತಾರೆ.

ಯಾರಿಗೆ ಇದು ಬೇಡ? ಸಿಎಸ್‌ಎಸ್ ಹೆಸರು ಕೇಳಿದರೆ ಹೆದರುವವರು ಮೊದಲ ದಿನ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಟಿಪ್ಪಣಿ ತೆರೆದ ತಕ್ಷಣ ಎಲ್ಲ ಸಿದ್ಧವಾಗಿರಬೇಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಅಕ್ಷರದ ಪಕ್ಕದಲ್ಲಿ ಕರ್ಸರ್ ಇಟ್ಟಾಗ ನಕ್ಷತ್ರಗಳು ಮತ್ತೆ ಕಾಣಿಸುತ್ತವೆ, ಪಾಠ ನಡೆಯುವಾಗ ಅದು ಕಣ್ಣಿಗೆ ಹೊಡೆಯುತ್ತದೆ. ಓದುವ ನೋಟಕ್ಕೆ ಬದಲಾಯಿಸಿಕೊಂಡರೆ ಸರಿ. ಸ್ನಿಪೆಟ್ ಬರೆಯುವಾಗ ಬರೆಯುವ ನೋಟಕ್ಕೂ ಓದುವ ನೋಟಕ್ಕೂ ಬೇರೆ ಬೇರೆ ಹೆಸರು ಕೊಡಬೇಕು. ಒಂದಕ್ಕೆ ಮಾತ್ರ ಕೊಟ್ಟು ಇನ್ನೊಂದರಲ್ಲಿ ಚುಕ್ಕೆ ಎಲ್ಲಿ ಅಂತ ಹುಡುಕಬೇಡಿ.

ದುಡ್ಡಿನ ವಿಷಯ. ಪ್ರೋಗ್ರಾಂ ಉಚಿತ. ಕಂಪ್ಯೂಟರಿನಿಂದ ಫೋನಿಗೆ ತಾನಾಗಿ ಹೋಗಬೇಕೆಂದರೆ ಅವರ ಸಿಂಕ್ ಸೇವೆ ಇದೆ, ಅದಕ್ಕೆ ತಿಂಗಳ ಲೆಕ್ಕದಲ್ಲಿ ಡಾಲರ್ ಕೊಡಬೇಕು. ನಾನು ತೆಗೆದುಕೊಂಡಿಲ್ಲ. ಸಾದಾ ಫೈಲುಗಳಾದ್ದರಿಂದ ವಾರಕ್ಕೊಮ್ಮೆ ಕೇಬಲ್ ಚುಚ್ಚಿ ಫೋಲ್ಡರ್ ಕಾಪಿ ಮಾಡಿದರೆ ನನಗೆ ಸಾಕು. ಹಾಗೆ ಮಾಡುವವರು ಒಂದು ಗಮನಿಸಿ. ಸ್ನಿಪೆಟ್ ಇರುವ ಫೋಲ್ಡರು .obsidian ಎಂಬ, ಚುಕ್ಕೆಯಿಂದ ಶುರುವಾಗುವ ಹೆಸರಿನ ಫೋಲ್ಡರಿನ ಒಳಗಿದೆ. ಚುಕ್ಕೆಯಿಂದ ಶುರುವಾಗುವ ಫೋಲ್ಡರ್‌ಗಳನ್ನು ಫೋನಿನ ಫೈಲ್ ಆಪ್ ಸಾಮಾನ್ಯವಾಗಿ ಬಚ್ಚಿಡುತ್ತದೆ. ಬಚ್ಚಿಟ್ಟದ್ದನ್ನು ತೋರಿಸು ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ ಕಾಪಿ ಮಾಡಿ. ಆಮೇಲೆ ಫೋನಿನ ಅಪಿಯರೆನ್ಸ್ ಪುಟಕ್ಕೆ ಹೋಗಿ ಸ್ನಿಪೆಟ್ ಆನ್ ಇದೆಯಾ ಅಂತ ನೋಡಿಕೊಳ್ಳಿ. ಆಫ್ ಇದ್ದರೆ ಮಂದ್ರಸ್ಥಾಯಿಯೆಲ್ಲ ಹಳದಿ, ಎರಡನೇ ಕಾಲವೆಲ್ಲ ಹೊಡೆದುಹಾಕಿದ ಹಾಗೆ ಕಾಣುತ್ತದೆ.